ಇಪ್ಪತ್ನಾಲ್ಕು ಗಂಟೆಯ ಚೀಟಿ

ಐದು ತಂತಿ, ಐದು ಅಂಟುಬಿಲ್ಲೆ,
ಸೊಂಟಕ್ಕೊಂದು ಡಬ್ಬಿ.
'ನಾಳೆ ಇದೇ ಹೊತ್ತಿನ ತನಕ ಸ್ನಾನ ಬೇಡ.
ಏನು ಮಾಡಿದೆ, ಯಾವಾಗ ಮಾಡಿದೆ, ಬರೆದಿಡಮ್ಮ' ಅಂದಳು ನರ್ಸು.
ನನಗೆ ಬರೆಯಲು ಬರುವುದು ಹೆಸರು, ಊರು, ಟಿಕೆಟ್ಟಿನ ದರ.
ಸರಿ, ಅಷ್ಟರಲ್ಲೇ ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತು.
ಕೋಚಬಾಂಬಾ ಬಸ್ ನಿಲ್ದಾಣ. ಕೂಗಿದೆ:
ಒರೂರೋ, ಒರೂರೋ, ಒರೂ
ಮೂರನೆಯದು ದಾರಿ ಮಧ್ಯೆಯೇ ಇಳಿದುಕೊಂಡಿತು.
ಇಪ್ಪತ್ತೆರಡು ವರ್ಷ ಈ ಗಂಟಲಿಂದಲೇ ಬಸ್ಸು ತುಂಬಿಸಿದ್ದೇನೆ.
ಪಕ್ಕದ ಕಂಪನಿಯ ಕಾಸಿಮಿರಾ, ನನ್ನ ಬದ್ಧ ವೈರಿ,
ಇವತ್ತು ನನ್ನ ಪಾಲಿನದನ್ನೂ ಕೂಗಿಕೊಟ್ಟಳು.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಹತ್ತೂವರೆ. ಮೆಟ್ಟಿಲು ಹದಿನಾಲ್ಕು.
ಏಳಕ್ಕೆ ನಿಂತೆ, ಶಾಲು ಸರಿಮಾಡುವ ನೆಪದಲ್ಲಿ.
ಎದೆಯೊಳಗೆ ಯಾರೋ ಬಾಗಿಲು ತಟ್ಟಿ ಓಡಿಹೋದರು.
ಆಮೇಲೊಂದು ಖಾಲಿ.
ಆ ಖಾಲಿಯಲ್ಲಿ ಒರೂರೋಗೆ ಹೋಗಿ ಬರಬಹುದಿತ್ತು.

ಹೋದ ತಿಂಗಳು ಡಾಕ್ಟರ್ ಅರಾಂದಿಯಾ ಪರದೆಯಲ್ಲಿ ತೋರಿಸಿದರು:
ಬೂದು ಬಣ್ಣದ ಚೀಲ, ಬಾಯಿ ಬಿಡುತ್ತ, ಮುಚ್ಚುತ್ತ,
ತುದಿಯಲ್ಲಿ ಮಾತ್ರ ಕೆಲಸಗಳ್ಳನಂತೆ ಉಬ್ಬಿ ಕೂತ ಒಂದು ಜಾಗ.
'ಹೃದಯ ದೊಡ್ಡದಾಗಿದೆ, ನೆಮೇಸಿಯಾ.'
ನಕ್ಕುಬಿಟ್ಟೆ. ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ,
ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ನಾನು.
ಡಾಕ್ಟರು ನಗಲಿಲ್ಲ.

ಮಧ್ಯಾಹ್ನ ಒಂದು. ಶೇಂಗಾ ಸಾರು, ಉಪ್ಪಿಲ್ಲದ್ದು.
ಉಪ್ಪಿಗಿಂತ ರುಚಿಯಿಲ್ಲ.
ಹೌದು, ಇಲ್ಲ.

ನಾಲ್ಕು. ಏನೂ ಮಾಡಲಿಲ್ಲ, ಕೂತಿದ್ದೆ.
ನೆನಪು ಮಾಡಿಕೊಳ್ಳುವುದೂ ಕೆಲಸವಾದರೆ, ಬರೆದುಕೊಳ್ಳಿ:
ಐಕೀಲೆ ದಾರಿಯ ಮಣ್ಣಿನ ಮನೆ, ಹುಲ್ಲಿನ ಸೂರು,
ಗೋಡೆಯ ಬಿರುಕಿನಲ್ಲಿ ವಿಂಚೂಕಾ ಹುಳ.
ದೀಪ ಆರಿದ ಮೇಲೆ ಟಪ್ ಎಂದು ಹಾಸಿಗೆಗೆ ಬೀಳುತ್ತಿತ್ತು.
ಏಳು ಮಕ್ಕಳು ಸಾಲಾಗಿ ಮಲಗಿದ್ದೆವು.
ಬೆಳಿಗ್ಗೆ ಯಾರ ಕಣ್ಣು ಊದಿದೆಯೋ ಅವರನ್ನು ಬೆಟ್ಟುಮಾಡಿ ನಗು.
ಒಂದು ಬೆಳಿಗ್ಗೆ ನನ್ನದು ಊದಿತ್ತು. ನಾನೂ ನಕ್ಕಿದ್ದೆ.
ಕಚ್ಚಿದ್ದು ಆರನೇ ವಯಸ್ಸಿಗೆ, ಲೆಕ್ಕ ಬಂದದ್ದು ಐವತ್ತೊಂದಕ್ಕೆ.
ಇಷ್ಟು ತಡವಾಗಿ ಬರುವ ಬಸ್ಸನ್ನು ನಾನು ಕಂಡಿಲ್ಲ.

ಸಂಜೆ ಆರು. ಯೋವಾನಾ ಬಂದಳು, ಏಳು ತಿಂಗಳ ಬಸುರಿ.
ಎರಡು ವಾರದಿಂದ ನಾಲಿಗೆಯ ಕೆಳಗಿಟ್ಟುಕೊಂಡದ್ದನ್ನು ಹೇಳಿದೆ:
'ನಿನ್ನ ರಕ್ತವನ್ನೂ ನೋಡಬೇಕಂತೆ. ಹುಟ್ಟಿದ ಮೇಲೆ ಅದರದ್ದೂ.'
ತಾಯಿಗಿಂತ ಬಂಧುವಿಲ್ಲ.
ಕಿವಿಯೋಲೆ ಕೊಟ್ಟೆ, ಈ ಚಪ್ಪಟೆ ಹೆಬ್ಬೆರಳು ಕೊಟ್ಟೆ,
ಇದನ್ನೂ ಕೊಟ್ಟಿರುವೆನೋ ಏನೋ.
ಸಿಟ್ಟಾಗುತ್ತಾಳೆಂದು ಕಾದೆ.
ಅವಳು ನೋಡುತ್ತಿದ್ದದ್ದು ನನ್ನ ಎದೆಯ ಮೇಲೆ
ಅಂಟು ಬಿಡುತ್ತಿದ್ದ ಒಂದು ಬಿಲ್ಲೆಯನ್ನು.
ಹೆಬ್ಬೆರಳಿಂದ ಒತ್ತಿ ಹಿಡಿದಳು. ಬಿಡಲಿಲ್ಲ,
ಗ್ಯಾಸ್ ಲಾರಿಯ ಗಂಟೆ ಬೀದಿಯ ಈ ತುದಿಯಿಂದ
ಆ ತುದಿಗೆ ಹೋಗಿ ಮುಗಿಯುವ ತನಕ.

ರಾತ್ರಿ ಎರಡು. ನಿದ್ದೆಯಿಲ್ಲ.
ಎದೆಯಲ್ಲಿ ಯಂತ್ರ ಇಡಿಸಬೇಕಾಗಬಹುದು ಅಂದಿದ್ದಾರೆ.
ಅದರ ಬೆಲೆಯನ್ನು ಒರೂರೋ ಟಿಕೆಟ್ಟಿಗೆ ಭಾಗಿಸಿದೆ:
ಏಳುನೂರಕ್ಕೂ ಮೇಲೆ, ಅದೂ ಕಿಟಕಿ ಪಕ್ಕದ್ದು.
ಮೇಲೆ ತಗಡಿನ ಸೂರು. ಏನೂ ಬೀಳಲಿಲ್ಲ.
ಬಡಿತ, ಬಡಿತ, ತಪ್ಪು, ಬಡಿತ.
ಈ ತಪ್ಪನ್ನು ಡಬ್ಬಿ ಬರೆದುಕೊಂಡಿರಬೇಕು, ನಾನು ಬರೆಯುವುದಿಲ್ಲ.

ಬೆಳಿಗ್ಗೆ ಎಂಟೂ ಮುಕ್ಕಾಲು. ಆಸ್ಪತ್ರೆಯ ಮೊಗಸಾಲೆ.
ಡಬ್ಬಿ ಬಿಚ್ಚಲು ಇನ್ನೂ ನಾಲ್ಕು ಜನ ಮುಂದಿದ್ದಾರೆ.
ನನ್ನ ಎದೆ ಕೆಲಸದಲ್ಲಿದ್ದಾಗ ಹೇಗಿರುತ್ತದೆಂದು
ಇದಕ್ಕೆ ಒಂದು ಸಲವೂ ಪೂರ್ತಿ ಗೊತ್ತಾಗಿಲ್ಲವಲ್ಲ,
ಎದ್ದು ನಿಂತೆ, ಕೈ ಬಾಯಿಗಡ್ಡ ಹಿಡಿದು ಕೂಗಿದೆ:
ಒರೂರೋ, ಒರೂರೋ, ಒರೂರೋ ಓ!
ನರ್ಸು ಗದರಿಕೊಂಡು ಓಡಿಬಂದಳು.
ಮೂಲೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ ಮುದುಕನೊಬ್ಬ
ಗಂಟು ಎತ್ತಿಕೊಂಡು, ತಂತಿಗಳನ್ನು ಅಂಗಿಯೊಳಗೆ ತುರುಕಿ,
ಎದ್ದ: 'ಎಷ್ಟು ಹೊತ್ತಿಗೆ ಹೊರಡುತ್ತೆ?'